ನಾಲ್ಕು ವರ್ಷ ಕೇಳಿದ ಮೇಲೆ: ನಮ್ಮ ಸಮುದಾಯ ಬಾನುಲಿ

ಬೆಳಗ್ಗೆ ಆರಕ್ಕೆ, ಹಾಲು ಕರೆಯಲು ಕೂರುವ ಮೊದಲು, ಕೊಟ್ಟಿಗೆಯ ಕಿಟಕಿಯಲ್ಲಿರುವ ರೇಡಿಯೊ ಹಾಕುತ್ತೇನೆ. ಮೊದಲು ಬರೀ ಗುಂಯ್ ಎನ್ನುವ ಸದ್ದು. ಆಮೇಲೆ ಕಾಗದ ಮಗುಚುತ್ತದೆ, ಬಳೆ ಮೇಜಿಗೆ ತಾಗುತ್ತದೆ, ಕೊನೆಗೆ ‘ನಮಸ್ಕಾರ’. ಬಳೆ ಕೇಳಿಸಿದರೆ ಹೊಲಿಗೆ ಕೆಲಸದ ಅಕ್ಕನ ಪಾಳಿ, ಏದುಸಿರು ಕೇಳಿಸಿದರೆ ಸೈಕಲ್ ತುಳಿದು ಬಂದ ಕಾಲೇಜು ಹುಡುಗನದು. ಇಬ್ಬರಿಗೂ ಸಂಬಳವಿಲ್ಲ.

ಸುದ್ದಿಗಾಗಿ ಹಾಕಿದರೆ ನಿರಾಸೆಯಾದೀತು. ಸ್ವಂತ ಸುದ್ದಿ ಹೇಳಲು ಊರಿನವರೇ ನಡೆಸುವ ಇಂತಹ ಸಮುದಾಯ ಬಾನುಲಿಗೆ ಅನುಮತಿಯಿಲ್ಲ, ಆಕಾಶವಾಣಿಯ ವಾರ್ತೆಯನ್ನು ತಿರುಚದೆ ಬಿತ್ತರಿಸಬಹುದು, ಅಷ್ಟೆ. ಗುಡ್ಡದಾಚೆಯ ತಂಗಿಯ ಮನೆಯಲ್ಲಿ ಬರೀ ಕೊರಕೊರ. ಇರುವುದೇ 100 ವಾಟ್ ಶಕ್ತಿ, ಎಫ್‌ಎಂ ಅಲೆ ಗುಡ್ಡ ಹತ್ತಿ ಇಳಿಯುವುದಿಲ್ಲ. ಅದಕ್ಕೆ ಇವರನ್ನು ದೂರುವುದು ಸಲ್ಲದು.

ನನ್ನ ದೂರು ‘ಇಂದು’ ಎಂಬ ಪದದ ಮೇಲೆ.

ಕಳೆದ ಮಳೆಗಾಲದಲ್ಲಿ ಒಂದು ಮುಂಜಾನೆ, ‘ಇಂದು ಹತ್ತು ಗಂಟೆಗೆ ಡೇರಿಯ ಮುಂದೆ ಕಾಲುಬಾಯಿ ಜ್ವರದ ಲಸಿಕೆ’ ಎಂದು ಅಕ್ಕನ ದನಿ ಹೇಳಿತು. ಕಳೆ ಕೀಳಲು ಬಂದಿದ್ದ ಆಳುಗಳನ್ನು ವಾಪಸು ಕಳಿಸಿದೆ. ಎರಡು ಹಸು ಹಿಡಿದುಕೊಂಡು ಮೊಣಕಾಲುದ್ದ ಕೆಸರಿನಲ್ಲಿ ನಡೆದೆ. ಡೇರಿಯ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಲಸಿಕೆ ಹಾಕಿದ್ದು ಹಿಂದಿನ ದಿನ. ಸ್ವಯಂಸೇವಕರು ಬಾರದ ದಿನ ಕಂಪ್ಯೂಟರ್ ತಾನಾಗಿ ಹಿಂದಿನ ದಿನದ ಧ್ವನಿಮುದ್ರಣ ಹಾಕುತ್ತದೆಯಂತೆ. ನಾನು ನೆಚ್ಚಿಕೊಂಡಿದ್ದ ಆ ಬಳೆಯ ಸದ್ದೂ ನಿನ್ನೆಯದೇ! ಹಾಡನ್ನು ನೂರು ಸಲ ಹಾಕಿದರೂ ಅದು ಹಾಡೇ. ಸೂಚನೆ ಹಾಗಲ್ಲ, ರಾತ್ರಿ ಕಳೆದರೆ ಸುಳ್ಳಾಗುತ್ತದೆ. ಊರಿನ ಬಾನುಲಿಯನ್ನು ಊರು ನಂಬುವುದೇ ಇಂತಹ ಮಾತಿಗೆ.

ಹಸುಗಳನ್ನು ಕಟ್ಟಿ ನೇರ ಕೇಂದ್ರಕ್ಕೆ ಹೋದೆ. ಎರಡು ಕೋಣೆ, ಸದ್ದು ತಡೆಯಲು ಗೋಡೆಗೆ ಹಳೆಯ ಕಂಬಳಿ. ಜ್ವರ ಬಿಟ್ಟು ಆಗಷ್ಟೇ ಬಂದಿದ್ದ ಅಕ್ಕ, ಅಜ್ಜಿಯೊಬ್ಬರು ಹಾಡಿದ ಬೀಸುವ ಪದದಿಂದ ಕೆಮ್ಮನ್ನು ಕತ್ತರಿಸಿ ತೆಗೆಯುತ್ತಿದ್ದರು. ಒಂದು ಕೆಮ್ಮು ತೆಗೆಯುವುದು, ಮೊದಲಿನಿಂದ ಕೇಳುವುದು, ರಾಗ ಮುರಿದಿದ್ದರೆ ಮತ್ತೆ ಸೇರಿಸುವುದು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧಭಾಗ ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ಆಗಬೇಕೆಂಬುದು ನಿಯಮ. ಇಲ್ಲಿ ಅದಕ್ಕಿಂತ ಹೆಚ್ಚೇ ಆಗುತ್ತಿದೆ, ಮಾಡುವವರು ಮಾತ್ರ ನಾಲ್ವರು.

‘ತಪ್ಪಾಯಿತಣ್ಣ, ಇನ್ನು ಮೇಲೆ ತಾರೀಖು ಹೇಳುತ್ತೇವೆ’ ಎಂದರು. ಜಗಳವಾಡಲು ಹೋದವನು ಆ ಪದ ಪೂರ್ತಿ ಕೇಳಿ ಎದ್ದುಬಂದೆ.

ಈಗ ‘ಗುರುವಾರ, 12ನೇ ತಾರೀಖು’ ಎಂದೇ ಸೂಚನೆ ಬರುತ್ತದೆ. ಕಾಲೇಜು ಹುಡುಗನ ಬಾಯಲ್ಲಿ ಮಾತ್ರ ಇನ್ನೂ ಆಗಾಗ ‘ಇಂದು’ ನುಸುಳುತ್ತದೆ. ಏದುಸಿರು ಕೇಳಿದ ದಿನ ಕೇಂದ್ರಕ್ಕೆ ಫೋನ್ ಮಾಡಿ, ಯಾರಾದರೂ ಎತ್ತಿ ಹೌದೆಂದ ಮೇಲೆಯೇ ಹಸುವಿನ ಹಗ್ಗ ಬಿಚ್ಚುತ್ತೇನೆ.