ಮಠವೋ, ಮನೆಯೋ? ಸಂತ ಫ್ರಾನ್ಸಿಸರ ಹಾದಿ ಹಿಡಿಯುವವರಿಗೆ

ಕ್ರೈಸ್ತ ಸಂತ ಫ್ರಾನ್ಸಿಸ್ ಇಟಲಿಯ ಅಸಿಸಿ ಊರಿನ ಶ್ರೀಮಂತ ಬಟ್ಟೆ ವ್ಯಾಪಾರಿಯ ಮಗ. ಸಿರಿತನವೆಲ್ಲ ಬೇಡ ಅಂತ ಬಿಷಪರ ಎದುರಿಗೇ ಮೈಮೇಲಿನ ಬಟ್ಟೆ ಬಿಚ್ಚಿ ಅಪ್ಪನಿಗೆ ಕೊಟ್ಟುಬಿಟ್ಟರು. ಅವರಂತೆ ಬದುಕಲು ಇವತ್ತಿಗೂ ಎರಡು ದಾರಿಗಳಿವೆ.

ಮಠ ಸೇರಿ ಬ್ರದರ್ (ಸನ್ಯಾಸಿ) ಆದರೆ ಸ್ವಂತದ್ದು ಅಂತ ಏನೂ ಇರುವುದಿಲ್ಲ. ಸೊಂಟದ ಹಗ್ಗದಲ್ಲಿ ಮೂರು ಗಂಟುಗಳು: ಬಡತನ, ಬ್ರಹ್ಮಚರ್ಯ, ವಿಧೇಯತೆ. ಜನ ಮೊದಲ ಎರಡಕ್ಕೆ ಹೆದರುತ್ತಾರೆ. ನನಗೆ ಮೂರನೆಯದೇ ಜಾಸ್ತಿ ಕಷ್ಟ ಅನ್ನಿಸುತ್ತದೆ. ಕಳಿಸಿದ ಊರಿಗೆ ಹೋಗಬೇಕು, ಒಗ್ಗಿದ ಊರು ಬಿಡಬೇಕು. ದುಡುಕಬೇಕಿಲ್ಲ. ಕನಿಷ್ಠ 1 ವರ್ಷದ ನೊವಿಶಿಯೇಟ್ (ವ್ರತಕ್ಕೆ ಮೊದಲಿನ ತರಬೇತಿ), ಆಮೇಲೆ ಕೆಲವು ವರ್ಷ ತಾತ್ಕಾಲಿಕ ವ್ರತ, ಕೊನೆಗೆ ಜೀವನಪೂರ್ತಿ.

ಇನ್ನೊಂದು, ಸೆಕ್ಯುಲರ್ ಫ್ರಾನ್ಸಿಸ್ಕನ್ ದಾರಿ, ಅಂದರೆ ಮನೆಯಲ್ಲಿದ್ದುಕೊಂಡೇ ಫ್ರಾನ್ಸಿಸರಂತೆ ಬದುಕುವುದು. ಈಗಿನ ನಿಯಮ 1978ರದ್ದು. ಮದುವೆ, ಮಕ್ಕಳು, ಸಂಬಳ ಎಲ್ಲ ಇರುತ್ತದೆ. ಕತ್ತಿನಲ್ಲಿ ‘ಟೌ’ ಶಿಲುಬೆ, ಅಂದರೆ ಇಂಗ್ಲಿಷಿನ T ಆಕಾರದ್ದು. ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಇಲ್ಲಿ ಆಸೆ ಬಿಡುವ ಕೆಲಸ ದಿನಾ ಇದೆ. ಸಂಬಳ ಬಂದ ದಿನವೇ ‘ಇದರಲ್ಲಿ ನಿಜಕ್ಕೂ ನನಗೆ ಎಷ್ಟು ಬೇಕು?’ ಅಂತ ಕೇಳಿಕೊಳ್ಳಬೇಕು.

ವಯಸ್ಸಾದ ಅಪ್ಪ ಅಮ್ಮ ನಿಮ್ಮನ್ನೇ ನಂಬಿದ್ದರೆ ಎರಡನೆಯದನ್ನೇ ಆರಿಸಿ. ಪ್ರಾರ್ಥನೆಗೆ ಕೂತಾಗಲೆಲ್ಲ ಮಠವೇ ಕರೆಯುತ್ತಿದ್ದರೆ, ಅಲ್ಲಿ ನಾಲ್ಕು ದಿನ ಇದ್ದು ನೋಡಿ.