ಚರ್ಚಿನ ರಿಜಿಸ್ಟರೋ, ಉಯಿಲೋ?

ಇಂಗ್ಲೆಂಡಿನ ಹಳೆಯ ಮನೆತನದ ಬೇರು ಹುಡುಕುವವರು ಮೊದಲು ಯಾವುದಕ್ಕೆ ಕೈಹಾಕಬೇಕು: ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಟ್ಟ ಚರ್ಚಿನ ರಿಜಿಸ್ಟರಿಗೋ, ಉಯಿಲಿಗೋ? ಷೇಕ್ಸ್‌ಪಿಯರನ ಮನೆಯನ್ನೇ ನೋಡಿ. 1564ರ ಏಪ್ರಿಲ್ 26ರ ಅವನ ಜ್ಞಾನಸ್ನಾನಕ್ಕೆ ಹುಟ್ಟೂರು ಸ್ಟ್ರಾಟ್‌ಫರ್ಡಿನ ಚರ್ಚಿನ ರಿಜಿಸ್ಟರಿನಲ್ಲಿರುವುದು ಲ್ಯಾಟಿನ್ನಿನ ಒಂದೇ ಸಾಲು: ಜಾನನ ಮಗ ವಿಲಿಯಂ. ತಾಯಿಯ ಹೆಸರೇ ಇಲ್ಲ. ಅವನ 1616ರ ಉಯಿಲಿನಲ್ಲಾದರೋ ಇಡೀ ಬಳಗ ಸಿಗುತ್ತದೆ: ಹೆಣ್ಣುಮಕ್ಕಳು, ಅಳಿಯ, ತಂಗಿ ಜೋನ್, ಆಕೆಯ ಮೂವರು ಗಂಡುಮಕ್ಕಳು. ಅವರಲ್ಲಿ ಒಬ್ಬನ ಹೆಸರಿನ ಜಾಗ ಮಾತ್ರ ಖಾಲಿ. ಸೋದರಮಾವನಿಗೆ ನೆನಪಾಗಲಿಲ್ಲವೋ ಏನೋ!

ಹಾಗಂತ ಉಯಿಲನ್ನೇ ನೆಚ್ಚಿ ಕೂರುವಂತಿಲ್ಲ. ಬಡವರು ಬರೆಸಿದ್ದು ಕಡಿಮೆ. ವಿವಾಹಿತೆಯರಿಗೆ ಸ್ವಂತ ಆಸ್ತಿಯ ಹಕ್ಕು ಕೊಟ್ಟ 1882ರ ಕಾಯ್ದೆಗೆ ಮುಂಚೆ ಗಂಡನಿದ್ದ ಹೆಂಗಸರ ಉಯಿಲು ಅಪರೂಪ. ರಿಜಿಸ್ಟರಿನಲ್ಲಿ ಕೂಲಿಯವನೂ ಇರುತ್ತಾನೆ. ಅದು ಶುರುವಾದದ್ದು 1538ರಲ್ಲಿ, ಆದರೆ 1640ರ ದಶಕದ ಅಂತರ್ಯುದ್ಧದ ಕಾಲದ್ದು ಹಲವೆಡೆ ಖಾಲಿ. ಇನ್ನೊಂದು ತೊಡಕು: 1752ಕ್ಕೆ ಮುಂಚೆ ಅಲ್ಲಿ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ. ‘1700 ಫೆಬ್ರವರಿ’ ಎಂದಿದ್ದರೆ ನಮ್ಮ ಲೆಕ್ಕಕ್ಕೆ 1701.

1858ರ ಜನವರಿ 12ರಿಂದೀಚೆಗೆ ಇಂಗ್ಲೆಂಡು, ವೇಲ್ಸಿನ ಉಯಿಲುಗಳಿಗೆ ಒಂದೇ ಸೂಚಿ. ಅದಕ್ಕೆ ಮುಂಚೆ ಉಯಿಲನ್ನು ಊರ್ಜಿತಗೊಳಿಸುತ್ತಿದ್ದುದು ಚರ್ಚಿನ ನ್ಯಾಯಾಲಯಗಳು, ಹಾಗಾಗಿ ಹಿಂದಿನವು ಅಂಥ ಹಲವು ನ್ಯಾಯಾಲಯಗಳ ದಾಖಲೆಗಳಲ್ಲಿ ಹಂಚಿಹೋಗಿವೆ. ಕ್ಯಾಂಟರ್ಬರಿಯ ದೊಡ್ಡ ನ್ಯಾಯಾಲಯದವು ಈಗ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಫ್ತರದಲ್ಲಿವೆ.

ನಿಮ್ಮ ಮನೆತನ ಇಂಗ್ಲೆಂಡಿನ ನೈಋತ್ಯದ ಡೆವನ್ ಜಿಲ್ಲೆಯ ಕಡೆಯದಾದರೆ ಮೊದಲು ರಿಜಿಸ್ಟರನ್ನೇ ಹಿಡಿಯಿರಿ: ಅಲ್ಲಿನ ಉಯಿಲುಗಳ ರಾಶಿ 1942ರ ಬಾಂಬ್ ದಾಳಿಯಲ್ಲಿ ಆ ಜಿಲ್ಲೆಯ ಎಕ್ಸಿಟರ್ ಪಟ್ಟಣದಲ್ಲೇ ಸುಟ್ಟುಹೋಯಿತು. ಉಳಿದೆಡೆ ಸ್ಮಿತ್‌ನಂಥ ಹೆಸರಾದರೆ ನನ್ನ ಆಯ್ಕೆ ಉಯಿಲು. ಒಂದೇ ಊರಿನ ಮೂವರು ಜಾನ್ ಸ್ಮಿತ್‌ರನ್ನು ರಿಜಿಸ್ಟರ್ ಬೇರ್ಪಡಿಸುವುದಿಲ್ಲ. ಯಾವ ಜಾನ್ ಯಾರ ಅಳಿಯನೆಂದು ಉಯಿಲು ಹೇಳುತ್ತದೆ.