ಸಿಯುಎಫ್‌ಎಸ್‌ಎಂ 5: ಜೋಡಿ ಚಾನೆಲ್ ಕಂಬದ ಲೆಕ್ಕಕ್ಕೆ ಎಷ್ಟು ನಂಬಬಹುದು?

ತೆಳು ತಗಡಿನ ಸಿ-ಚಾನೆಲ್ ಎರಡನ್ನು ಬೆನ್ನಿಗೆ ಬೆನ್ನು ಕೊಟ್ಟು ಸ್ಕ್ರೂ ಹೊಡೆದ ಕಂಬದ ಬಕ್ಲಿಂಗ್ (ಒತ್ತುವ ಭಾರಕ್ಕೆ ಸೊಟ್ಟಗಾಗುವುದು) ನೋಡಲು ಉಚಿತವಾಗಿ ಸಿಗುವ ಸಾಫ್ಟ್‌ವೇರ್‌ಗಳಲ್ಲಿ ಸಿಯುಎಫ್‌ಎಸ್‌ಎಂ ನನ್ನ ಮೊದಲ ಆಯ್ಕೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೆಂಜಮಿನ್ ಶೇಫರ್ ಶುರುಮಾಡಿದ್ದು, ಈಗ ಜಾನ್ಸ್ ಹಾಪ್ಕಿನ್ಸ್‌ನಿಂದ ಬರುತ್ತದೆ. ಮ್ಯಾಟ್‌ಲ್ಯಾಬ್ ಲೈಸೆನ್ಸ್ ಇಲ್ಲದವರಿಗೆ ಬೇರೆಯಾಗಿಯೇ ಓಡುವ ಆವೃತ್ತಿಯೂ ಉಂಟು. ತೆಳು ತಗಡಿನ ಉಕ್ಕಿಗಿರುವ ನಮ್ಮ ಕೋಡ್ ಐಎಸ್ 801 (1975) ಇನ್ನೂ ಎಫೆಕ್ಟಿವ್ ವಿಡ್ತ್, ಅಂದರೆ ಉಬ್ಬಿದ ಪಟ್ಟಿಯ ಒಂದು ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ದಾರಿಯಲ್ಲೇ ಇದೆ. ಅಮೆರಿಕದ ಎಸ್100 ಕೋಡ್‌ನ ಡೈರೆಕ್ಟ್ ಸ್ಟ್ರೆಂತ್ ವಿಧಾನ (ಇಡೀ ಸೆಕ್ಷನ್ನಿನ ಬಕ್ಲಿಂಗ್ ಸ್ಟ್ರೆಸ್ಸಿನಿಂದ ನೇರವಾಗಿ ಬಲ ಕಾಣುವುದು) ಬಳಸುವವರಿಗೆ ಈ ಸಾಧನ ಇಲ್ಲದೆ ಕೆಲಸ ಸಾಗುವುದೇ ಕಷ್ಟ.

ಇನ್‌ಪುಟ್ ಸರಳ. ನೋಡ್ (ಸೆಕ್ಷನ್ನಿನ ಮೇಲಿನ ಬಿಂದು), ಎಲಿಮೆಂಟ್ (ಎರಡು ಬಿಂದುಗಳ ನಡುವಿನ ಪಟ್ಟಿ), ದಪ್ಪ, ಮಟೀರಿಯಲ್ ಕೊಟ್ಟರಾಯಿತು. ಎಲ್ಲ ನೋಡ್‌ಗಳ ಸ್ಟ್ರೆಸ್ 1 ಎಂದು ಹಾಕಿದರೆ ಬರುವ ಲೋಡ್ ಫ್ಯಾಕ್ಟರ್ ನೇರವಾಗಿ ಎಂಪಿಎ (ಚದರ ಮಿ.ಮೀ.ಗೆ ನ್ಯೂಟನ್) ಲೆಕ್ಕದ ಬಕ್ಲಿಂಗ್ ಸ್ಟ್ರೆಸ್. ವೆಬ್ಬಿಗೂ (ಚಾನೆಲ್ಲಿನ ಬೆನ್ನು) ಫ್ಲೇಂಜಿಗೂ (ಬದಿಗಳು) ತಲಾ ನಾಲ್ಕು, ಲಿಪ್ಪಿಗೆ (ಬದಿಯ ಅಂಚಿನ ಮಡಿಕೆ) ಎರಡು ಪಟ್ಟಿ ಮಾಡಿದರೆ ಸಾಕು. ಆದರೆ ಸ್ಕ್ರೂ ಸಾಲು ಬೀಳುವ ಜಾಗದಲ್ಲಿ ಎರಡೂ ವೆಬ್‌ಗಳಲ್ಲಿ ಎದುರುಬದುರು ನೋಡ್ ಇರಲೇಬೇಕು.

ಎಡವುವುದು ಇಲ್ಲಿಂದಲೇ. ಎರಡು ವೆಬ್ ಅಂಟಿಕೊಂಡಿವೆಯಲ್ಲ ಎಂದು ಒಂದೇ ಎಲಿಮೆಂಟ್ ಮಾಡಿ ದಪ್ಪವನ್ನು ದುಪ್ಪಟ್ಟು ಕೊಡುವವರಿದ್ದಾರೆ. ವೆಬ್ 100, ಫ್ಲೇಂಜ್ 50, ಲಿಪ್ 15 ಮಿ.ಮೀ. ಅಳತೆಯ, 1.2 ಮಿ.ಮೀ. ದಪ್ಪದ ಚಾನೆಲ್ ತೆಗೆದುಕೊಳ್ಳಿ. ಬರೀ ವೆಬ್ ಪ್ಲೇಟಿನ ಲೋಕಲ್ ಬಕ್ಲಿಂಗ್ (ತಗಡಿನ ಪಟ್ಟಿ ಮಾತ್ರ ಅಲೆಯಲೆಯಾಗಿ ಉಬ್ಬುವುದು) ಕೈಲೆಕ್ಕದಲ್ಲಿ 106 ಎಂಪಿಎ. ಫ್ಲೇಂಜಿನ ಹಿಡಿತದಿಂದ ಸಾಫ್ಟ್‌ವೇರ್ ತುಸು ಹೆಚ್ಚು ತೋರಿಸುತ್ತದೆ. ದಪ್ಪ 2.4 ಎಂದರೆ ಅದೇ ಅಂಕಿ 423ಕ್ಕೆ ಹಾರುತ್ತದೆ, ದಪ್ಪದ ವರ್ಗಕ್ಕೆ ತಕ್ಕಂತೆ ನಾಲ್ಕು ಪಟ್ಟು. ವೆಬ್ ಮಧ್ಯರೇಖೆಗಳ ನಡುವೆ 1.2 ಮಿ.ಮೀ. ಅಂತರ ಬಿಟ್ಟು ಎರಡನ್ನೂ ಬೇರೆಬೇರೆಯಾಗಿಯೇ ಬಿಡಿಸಬೇಕು.

ಎರಡನೆಯದು ಕನ್‌ಸ್ಟ್ರೇಂಟ್ ಪಟ್ಟಿ. ಒಂದು ನೋಡನ್ನು ಇನ್ನೊಂದಕ್ಕೆ ಎಕ್ಸ್, ಝಡ್ (ಅಡ್ಡ ದಿಕ್ಕುಗಳು), ವೈ (ಉದ್ದದ ದಿಕ್ಕು), ಥೀಟಾ (ತಿರುಗುವಿಕೆ) ಎಂಬ ನಾಲ್ಕು ಚಲನೆಗಳಲ್ಲಿ ಕಟ್ಟಬಹುದು. ಈ ಸಾಫ್ಟ್‌ವೇರ್ ಬಳಸುವ, ಕಂಬವನ್ನು ಉದ್ದುದ್ದ ಪಟ್ಟಿಗಳಾಗಿ ನೋಡುವ ಫೈನೈಟ್ ಸ್ಟ್ರಿಪ್‌ ವಿಧಾನದಲ್ಲಿ ಹೀಗೆ ಕಟ್ಟಿದ್ದು ಕಂಬದ ಉದ್ದಕ್ಕೂ ಬಿಡುವಿಲ್ಲದ ಕಟ್ಟು, 600 ಮಿ.ಮೀ.ಗೊಂದು ಸ್ಕ್ರೂ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಲೋಕಲ್ ಅರ್ಧತರಂಗ (ಒಂದು ಉಬ್ಬಿನ ಉದ್ದ) ವೆಬ್ ಅಗಲಕ್ಕಿಂತಲೂ ಕಿರಿದು. ಎರಡು ಸ್ಕ್ರೂಗಳ ನಡುವೆ ಅಂಥವು ಆರಕ್ಕೂ ಹೆಚ್ಚು ಏಳಬಹುದು. ಹಾಗಾಗಿ ಲೋಕಲ್ ಬಕ್ಲಿಂಗ್ ಸ್ಟ್ರೆಸ್‌ಗೆ ಬಿಡಿ ಚಾನೆಲ್ಲಿನ ಅಂಕಿಯನ್ನೇ ಹಿಡಿಯಿರಿ. ಡಿಸ್ಟಾರ್ಷನಲ್‌ನಲ್ಲೂ (ಸೆಕ್ಷನ್ನಿನ ಆಕಾರವೇ ಕೆಡುವ ಬಕ್ಲಿಂಗ್) ವೆಬ್ ಸ್ಕ್ರೂನಿಂದ ದೊಡ್ಡ ಲಾಭ ನಿರೀಕ್ಷಿಸಬೇಡಿ, ಅಲ್ಲಿ ತಿರುಗುವುದು ಫ್ಲೇಂಜ್.

ಗ್ಲೋಬಲ್‌ನಲ್ಲಿ (ಇಡೀ ಕಂಬವೇ ಬಾಗುವ ಬಕ್ಲಿಂಗ್) ಎಲ್ಲ ನಿಂತಿರುವುದು ವೈ, ಅಂದರೆ ಉದ್ದದ ದಿಕ್ಕಿನ ಜಾರುವಿಕೆಯ ಮೇಲೆ. ಎರಡೂ ತುದಿ ಪಿನ್ ಇರುವ 3000 ಮಿ.ಮೀ. ಕಂಬದಲ್ಲಿ, ದುರ್ಬಲ ಅಕ್ಷದ ಬಾಗುವಿಕೆಗೆ ವೈ ಕಟ್ಟದಿದ್ದರೆ 86 ಎಂಪಿಎ, ಕಟ್ಟಿದರೆ 158. ಸತ್ಯ ಈ ಎರಡರ ನಡುವೆ ಇದೆ, ಎಲ್ಲಿ ಎಂದು ಕನ್‌ಸ್ಟ್ರೇಂಟ್ ಹೇಳುವುದಿಲ್ಲ. ಆಗ ಎಸ್100ರ ತಿದ್ದಿದ ಸ್ಲೆಂಡರ್‌ನೆಸ್ (ಉದ್ದವನ್ನು ಗೈರೇಶನ್ ತ್ರಿಜ್ಯದಿಂದ ಭಾಗಿಸಿದ ಅಂಕಿ) ಸೂತ್ರವೇ ಗತಿ. ಬಿಡಿ ಚಾನೆಲ್ಲಿನ ಕನಿಷ್ಠ ಗೈರೇಶನ್ ತ್ರಿಜ್ಯ (ಸೆಕ್ಷನ್ ಎಷ್ಟು ಹರಡಿದೆ ಎಂಬ ಅಳತೆ) 19.7 ಮಿ.ಮೀ., ಸ್ಕ್ರೂ ಅಂತರ 600, ಭಾಗಿಸಿದರೆ 30.5. ಪೂರ್ತಿ ಒಂದಾದ ಜೋಡಿಯ ಸ್ಲೆಂಡರ್‌ನೆಸ್ 112.6ರ ಜೊತೆ ವರ್ಗ ಕೂಡಿಸಿ ಮೂಲ ತೆಗೆದರೆ 116.7. ಸ್ಟ್ರೆಸ್ 147 ಎಂಪಿಎ.

350 ಎಂಪಿಎ ಯೀಲ್ಡ್ (ಉಕ್ಕು ಶಾಶ್ವತವಾಗಿ ಮಣಿಯತೊಡಗುವ ಸ್ಟ್ರೆಸ್) ಹಿಡಿದು, ಲೋಕಲ್‌ಗೆ 106 ಹಾಕಿ ಡೈರೆಕ್ಟ್ ಸ್ಟ್ರೆಂತ್ ಲೆಕ್ಕ ಮುಗಿಸಿದರೆ ಕಂಬ ಹೊರುವ ಭಾರ ಸುಮಾರು 57 ಕಿಲೋನ್ಯೂಟನ್. ವೈ ಬಿಟ್ಟಿದ್ದರೆ 39, ಪೂರ್ತಿ ಕಟ್ಟಿದ್ದರೆ 59. ತಿದ್ದಿದ ಸ್ಲೆಂಡರ್‌ನೆಸ್ ಬಳಸಿಯೂ ದಪ್ಪ ದುಪ್ಪಟ್ಟು ಕೊಟ್ಟವರಿಗೆ ಬರುವುದು 71! ಇವು ಸುರಕ್ಷತಾ ಅಂಶ ಸೇರಿಸದ ಅಂಕಿಗಳು.

57ನ್ನು ನಂಬಬೇಕಾದರೆ ತುದಿಯ ಸ್ಕ್ರೂಗಳು ಸರಿಯಿರಬೇಕು, ಯಾಕೆಂದರೆ ಜಾರುವಿಕೆ ಅತಿ ಹೆಚ್ಚು ಇರುವುದೇ ತುದಿಗಳಲ್ಲಿ. ಕೋಡ್ ಕೇಳುವುದು ಸೆಕ್ಷನ್ನಿನ ದೊಡ್ಡ ಅಗಲದ ಒಂದೂವರೆ ಪಟ್ಟು ಉದ್ದಕ್ಕೆ, ಸ್ಕ್ರೂ ವ್ಯಾಸದ ನಾಲ್ಕು ಪಟ್ಟಿಗಿಂತ ದೂರವಿಲ್ಲದಂತೆ. ಇಲ್ಲಿ ಅದು 150 ಮಿ.ಮೀ. ಉದ್ದಕ್ಕೆ 4.8 ಮಿ.ಮೀ. ಸ್ಕ್ರೂ, 19 ಮಿ.ಮೀ.ಗೊಂದು. ಸೈಟಿನಲ್ಲಿ ತುದಿಗೆ ಎರಡೇ ಸ್ಕ್ರೂ ಹೊಡೆದು ಟ್ರ್ಯಾಕಿಗೆ (ಕಂಬದ ತುದಿ ಕೂರುವ ಚಾನೆಲ್) ಸೇರಿಸಿಬಿಟ್ಟರೆ ಆ ಸೂತ್ರ ಬಳಸುವ ಹಕ್ಕೇ ಇಲ್ಲ. ಸಾಫ್ಟ್‌ವೇರ್ ಇದಕ್ಕೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಪ್ರಾಪರ್ಟೀಸ್ ಪುಟ ಕೂಡ ಎರಡು ಬಿಡಿ ಚಾನೆಲ್‌ಗಳಿಗೆ ಪೂರ್ತಿ ಒಂದಾದ ಸೆಕ್ಷನ್ನಿನ ಇನರ್ಷಿಯಾವನ್ನೇ (ಬಾಗುವಿಕೆ ತಡೆಯುವ ಶಕ್ತಿಯ ಅಳತೆ) ತೋರಿಸುತ್ತದೆ.

ಐದನೇ ಆವೃತ್ತಿಯ ನಿಜವಾದ ಲಾಭ ಸ್ಪ್ರಿಂಗ್‌ಗಳದು. ಎರಡು ನೋಡ್‌ಗಳ ನಡುವೆ, ಉದ್ದದಲ್ಲಿ ಬೇಕಾದ ಜಾಗದಲ್ಲಿ ಮಾತ್ರ ಸ್ಪ್ರಿಂಗ್ ಇಡಬಹುದು, ಅಂದರೆ ಸ್ಕ್ರೂವನ್ನು ಸ್ಕ್ರೂ ಆಗಿಯೇ ಮಾಡೆಲ್ ಮಾಡಬಹುದು. ಅದಕ್ಕೆ ಸಿಗ್ನೇಚರ್ ಕರ್ವ್ (ಒಂದೊಂದೇ ಅರ್ಧತರಂಗದ ಲೆಕ್ಕ) ಬಿಟ್ಟು ಹಲವು ಲಾಂಗಿಟ್ಯೂಡಿನಲ್ ಟರ್ಮ್‌ಗಳಿಗೆ (ಉದ್ದದಲ್ಲಿ ಎಷ್ಟು ಅರ್ಧತರಂಗ ಎಂಬ ಸಂಖ್ಯೆ) ಹೋಗಬೇಕು. 3000 ಮಿ.ಮೀ.ನಲ್ಲಿ 80 ಮಿ.ಮೀ.ನ ಲೋಕಲ್ ಅರ್ಧತರಂಗ ಹಿಡಿಯಲು 37-38ರ ಆಸುಪಾಸಿನ ಟರ್ಮ್‌ಗಳು, ಜೊತೆಗೆ ಗ್ಲೋಬಲ್‌ಗೆ ಮೊದಲ ಕೆಲವು ಬೇಕೇಬೇಕು. ಸ್ಪ್ರಿಂಗಿನ ಬಿಗಿ ಮಾತ್ರ ಅದೇ ತಗಡು, ಅದೇ ಸ್ಕ್ರೂನ ಶಿಯರ್ ಪರೀಕ್ಷೆಯಿಂದ ಬಂದಿರಬೇಕು. ತೋಚಿದ ದೊಡ್ಡ ಅಂಕಿ ಕೊಟ್ಟರೆ ಪ್ರತಿ ಸ್ಕ್ರೂ ಜಾಗದಲ್ಲೂ ಜಾರುವಿಕೆ ಪೂರ್ತಿ ನಿಂತುಹೋಗಿ ಮತ್ತೆ 158ರ ಹತ್ತಿರಕ್ಕೇ ಹೋಗುತ್ತದೆ.